ದಾಯಾದಿ ಜಗಳದಲ್ಲಿ ಅಂಚೆ ಬಡವಾಯ್ತು

ಪ್ಯಾಕೇಜ್ ಮ್ಯಾನೇಜರ್ "ಕಾನ್‌ಫ್ಲಿಕ್ಟ್" ಅಂತ ಕೂಗಿಕೊಂಡರೆ ನಾವು ಮಾಡೋದೇನು? ಆ ಸಾಲನ್ನು ಗೂಗಲ್‌ಗೆ ಹಾಕಿ, ಮೊದಲು ಸಿಕ್ಕ ಕಮ್ಯಾಂಡನ್ನು ಕಣ್ಮುಚ್ಚಿ ಓಡಿಸೋದು. ನಾನೂ ಅದನ್ನೇ ಮಾಡಿದವನು. ಅದು ತಪ್ಪು ಅಂತ ಹೇಳೋಕೇ ಈ ಬರಹ.

2019ರ ಮಾತು. ಗೆಳೆಯನೊಬ್ಬನ ಅಂಗಡಿ ಲೆಕ್ಕವೆಲ್ಲ ಸೆಂಟ್‌ಓಎಸ್ 7 ಇದ್ದ ಹಳೇ ಕಂಪ್ಯೂಟರಿನಲ್ಲಿತ್ತು. ಅದರಲ್ಲಿದ್ದ ಮಾರಿಯಾಡಿಬಿ 5.5 ತೆಗೆದು ಮೈಎಸ್‌ಕ್ಯೂಎಲ್ 8 ಹಾಕಬೇಕಿತ್ತು. ಇವೆರಡೂ ದಾಯಾದಿಗಳು. 2009ರಲ್ಲಿ ಮೈಎಸ್‌ಕ್ಯೂಎಲ್ ಮನೆಯಿಂದಲೇ ಪಾಲು ತಗೊಂಡು ಹೊರಬಂದದ್ದು ಮಾರಿಯಾಡಿಬಿ. ಎರಡಕ್ಕೂ ಮಾಂಟಿ ವೈಡೇನಿಯಸ್ ಇಟ್ಟದ್ದು ತಮ್ಮ ಹೆಣ್ಣುಮಕ್ಕಳ ಹೆಸರನ್ನೇ!

ಡೇಟಾ ಡಂಪ್ ತೆಗೆದಿಟ್ಟೆ, ಹಳೇ ಸರ್ವರ್ ತೆಗೆದೆ. ಆದರೆ 'ಮಾರಿಯಾಡಿಬಿ-ಲಿಬ್ಸ್' ಮಾತ್ರ ಜಾಗ ಬಿಡಲಿಲ್ಲ. ಅದನ್ನು ತೆಗೀಬೇಕಾದ್ರೆ ಪೋಸ್ಟ್‌ಫಿಕ್ಸನ್ನೂ ತೆಗೀಬೇಕು ಅಂತು ಯಮ್ (ಯಮ ಅಲ್ಲ!). ಡೇಟಾಬೇಸಿಗೂ ಅಂಚೆಗೂ ಏನು ಸಂಬಂಧ ಅಂತ ಸಿಟ್ಟು ಬಂತು. ಆರ್‌ಪಿಎಮ್‌ಗೆ 'ನೋ-ಡೆಪ್ಸ್' ಕೊಟ್ಟು, ಅಂದರೆ ಯಾರು ಯಾರನ್ನು ನಂಬಿದ್ದಾರೆ ಅಂತ ನೋಡಲೇಬೇಡ ಅಂತ ಹೇಳಿ, ಕಿತ್ತು ಹಾಕಿದೆ. ಮೈಎಸ್‌ಕ್ಯೂಎಲ್ ಸಲೀಸಾಗಿ ಕೂತಿತು. ಭಲೇ ಅಂದುಕೊಂಡು ಮನೆಗೆ ಬಂದೆ.

ಸಂಬಂಧ ಇತ್ತು ಕಣ್ರೀ. ಸೆಂಟ್‌ಓಎಸ್ 7ರ ಪೋಸ್ಟ್‌ಫಿಕ್ಸನ್ನು ಮೈಎಸ್‌ಕ್ಯೂಎಲ್ ಬೆಂಬಲ ಸೇರಿಸಿಯೇ ಕಂಪೈಲ್ ಮಾಡಿದ್ದರು. ನಾವು ಬಳಸಲಿ ಬಿಡಲಿ, ಅದಕ್ಕೆ ಕ್ಲೈಂಟ್ ಲೈಬ್ರರಿಯ 18ನೇ ಆವೃತ್ತಿ ಬೇಕೇ ಬೇಕು. ಅದು ಹೋಯ್ತು, ಅಂಚೆ ನಿಂತಿತು. ಇತ್ತ ಬ್ಯಾಕಪ್ ಸ್ಕ್ರಿಪ್ಟಿಗೆ ಹೊಸ ಪಾಸ್‌ವರ್ಡ್ ಕೊಡೋದನ್ನೂ ಮರೆತಿದ್ದೆ. ರಾತ್ರಿ ರಾತ್ರಿ ಅದು ಸೋಲುತ್ತಿತ್ತು. ಸೋತೆ ಅಂತ ಮೇಲ್ ಕಳಿಸೋಣ ಅಂದ್ರೆ ಅಂಚೆಯೇ ಇಲ್ಲ! ಹನ್ನೊಂದು ದಿನ ಆ ಅಂಗಡಿಯ ಲೆಕ್ಕ ಬ್ಯಾಕಪ್ ಇಲ್ಲದೇ ನಡೆಯಿತು. ಡಿಸ್ಕ್ ಕೈಕೊಡಲಿಲ್ಲ, ನನ್ನ ಪುಣ್ಯ.

ಪರಿಹಾರ ಹತ್ತು ನಿಮಿಷದ್ದು. ಹಳೇ ಲೈಬ್ರರಿ ನಂಬಿದವರಿಗಾಗಿಯೇ ಮೈಎಸ್‌ಕ್ಯೂಎಲ್‌ನವರು 'ಲಿಬ್ಸ್-ಕಂಪ್ಯಾಟ್' ಅನ್ನೋ ಪ್ಯಾಕೇಜ್ ಕೊಟ್ಟಿದ್ದರು. 18ನೇ ಆವೃತ್ತಿ ಅದರಲ್ಲೇ ಇತ್ತು. ಮೊದಲೇ ಅದನ್ನೂ ಸೇರಿಸಿ ಯಮ್‌ಗೆ ಒಪ್ಪಿಸಿದ್ದರೆ ಹಳೇದು ತೆಗೆಯೋದು, ಹೊಸದು ಹಾಕೋದು ಎರಡನ್ನೂ ಒಂದೇ ಏಟಿಗೆ ಮಾಡಿ ಮುಗಿಸುತ್ತಿತ್ತು.

ತುರ್ತಿನಲ್ಲಿ ಇದನ್ನೆಲ್ಲ ಓದೋಕೆ ಟೈಮೆಲ್ಲಿ ಅಂತೀರೇನೋ. ಯಮ್ ಎರಡು ಸಾಲಲ್ಲಿ ಹೇಳಿದ್ದನ್ನು ತಿಳಿಯೋಕೆ ನನಗೆ ಹನ್ನೊಂದು ದಿನ ಹಿಡೀತು, ಅಷ್ಟೇ ನನ್ನ ಉತ್ತರ. ಸೆಂಟ್‌ಓಎಸ್ 7ರ ಕಾಲ 2024ರ ಜೂನ್‌ಗೆ ಮುಗಿಯಿತು, ಯಮ್ ಜಾಗಕ್ಕೆ ಡಿಎನ್‌ಎಫ್ ಬಂತು. ನಮ್ಮ ಚಾಳಿ ಮಾತ್ರ ಹಾಗೇ ಇದೆ. ಈಗ 'ಅಲೌ-ಇರೇಸಿಂಗ್' ಕೊಟ್ಟು 'ವೈ' ಒತ್ತಿಬಿಡ್ತೀವಿ. ಯಾವ್ಯಾವುದು ಹೋಗುತ್ತೆ ಅನ್ನೋ ಪಟ್ಟಿ ಕಣ್ಣೆದುರೇ ಇರುತ್ತೆ, ಓದೋರಿಲ್ಲ.

ಕಾನ್‌ಫ್ಲಿಕ್ಟ್ ಅನ್ನೋದು ಅಡ್ಡಿ ಅಲ್ಲ, ಆ ಪ್ಯಾಕೇಜ್ ಕಟ್ಟಿದವರು ನಮಗೆ ಬರೆದಿಟ್ಟ ಚೀಟಿ. ಹರಿಯೋ ಮುಂಚೆ ಒಂದ್ಸಲ ಓದೋಣ. ಏನಂತೀರಿ?