ಬಾಣಂತಿ ಸತ್ತರೆ ಕೇಳೋರು ಯಾರು?

ಬಾಣಂತಿ ಸತ್ತಳೆಂದರೆ ನಮ್ಮ ಕಡೆ ಎರಡು ಮಾತು ಸಿದ್ಧ. ಮನೆಯವರದು, ‘ಆಕಿ ಹಣೇಬರ’. ಆಸ್ಪತ್ರೆಯವರದು, ‘ತಡಾ ಮಾಡಿ ತಂದೀರಿ’. ಇಷ್ಟಾದ ಮೇಲೆ ಮೂರನೆಯ ಮಾತು ಕೇಳುವವರಿಲ್ಲ. ಮಣ್ಣು ಮಾಡಿ ಬಂದು ಊರು ಮರೆಯುತ್ತದೆ. ಕೂಸು ಮಾತ್ರ ಅಜ್ಜಿಯ ಉಡಿಯಲ್ಲಿ ಅಳುತ್ತಿರುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಆ ಮೂರನೆಯ ಮಾತು ಕೇಳಿದವರಿದ್ದಾರೆ. ಗೀತಾ ಸೇನ್ ಮತ್ತು ಅವರ ಸಂಗಡಿಗರು. ಸೇನ್ ವೈದ್ಯೆಯಲ್ಲ, ಅರ್ಥಶಾಸ್ತ್ರಜ್ಞೆ. ಮ್ಯಾನೇಜರುಗಳನ್ನು ತಯಾರು ಮಾಡುವ ಬೆಂಗಳೂರಿನ ಐಐಎಂನಲ್ಲಿ ಪ್ರೊಫೆಸರಾಗಿದ್ದವರು. ಅವರಿಗೆ ಕಂಪನಿಗಳ ಲಾಭಕ್ಕಿಂತ ನಮ್ಮ ಹಳ್ಳಿಯ ಹೆಂಗಸರ ಜೀವದ ಲೆಕ್ಕ ದೊಡ್ಡದಾಗಿ ಕಂಡಿತು. 2020ರಲ್ಲಿ ಡಾನ್ ಡೇವಿಡ್ ಪ್ರಶಸ್ತಿ ಬಂತು. ಅದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದರೋ!

ಅವರ ತಂಡ ಒಂದೊಂದು ಸಾವಿಗೂ ಒಬ್ಬರ ಹೇಳಿಕೆ ನಂಬಿ ಕೂರಲಿಲ್ಲ. ಹಲವರ ಮಾತನ್ನು ಒಂದರ ಪಕ್ಕ ಒಂದಿಟ್ಟು ನಡೆದದ್ದೇನೆಂದು ಹುಡುಕಿತು. ಕುರೋಸಾವನ ‘ರಾಶೋಮನ್’ ಸಿನಿಮಾ ನೋಡಿದವರಿಗೆ ಈ ಕ್ರಮ ಅರ್ಥವಾದೀತು. 2005ರ ವರದಿಯಲ್ಲಿ ಅವರು ಹೇಳಿದ್ದು ಇಷ್ಟೇ: ನಮ್ಮ ಆರೋಗ್ಯ ವ್ಯವಸ್ಥೆಯೇ ತಾಯಿ ಬದುಕುವುದಕ್ಕೆ ಅಡ್ಡ ನಿಂತಿದೆ. ಹೆಂಗಸರು ಚಿಕಿತ್ಸೆ ಬೇಡವೆಂದು ಮನೆಯಲ್ಲಿ ಕೂತು ಸತ್ತವರಲ್ಲ. ಬಾಗಿಲಿಂದ ಬಾಗಿಲಿಗೆ ಅಲೆದು ಸತ್ತವರೂ ಇದ್ದಾರೆ. ಹಾಗಾದರೆ ‘ತಡಾ’ ಮಾಡಿದವರು ಯಾರು ಸ್ವಾಮಿ?

ಸುಧಾರಣೆ ಆಗಿಲ್ಲವೆಂದಲ್ಲ. ರಾಜ್ಯದಲ್ಲಿ ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. 108 ಗಾಡಿ ಬಂತು, ಆಶಾ ಕಾರ್ಯಕರ್ತೆಯರು ಬಂದರು. ಆದರೆ ಅದೇ 2018-20ರಲ್ಲಿ ಪಕ್ಕದ ಕೇರಳದ ಲೆಕ್ಕ 19! 2024ರ ನವೆಂಬರಿನಲ್ಲಿ ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಸರ್ಕಾರವೇ ರಾಜ್ಯದ ಬಾಣಂತಿಯರ ಸಾವುಗಳ ತಪಾಸಣೆ ಮಾಡಿಸಿದಾಗ, ನೂರಕ್ಕೆ 70ಕ್ಕೂ ಹೆಚ್ಚು ಸಾವು ತಪ್ಪಿಸಬಹುದಿತ್ತು ಎಂಬ ಉತ್ತರ ಬಂತು. ಇದಕ್ಕೂ ಹಣೇಬರ ಅನ್ನೋಣವೇ?

ಬಾಣಂತಿ ಸತ್ತರೆ ವಿಚಾರಣೆ ನಡೆಸಬೇಕು, ಜಿಲ್ಲಾಧಿಕಾರಿಗಳ ಸಭೆಗೆ ಅವಳ ಸಂಬಂಧಿಕರನ್ನೂ ಕರೆಯಬೇಕು ಎಂದು 2010ರ ಕೇಂದ್ರ ಮಾರ್ಗಸೂಚಿಯೇ ಹೇಳಿತ್ತು. ಕರೆದರೆ ಸಾಲದು. ರಕ್ತ ಸಿಗಲಿಲ್ಲವೋ, ಡಾಕ್ಟರು ಇರಲಿಲ್ಲವೋ, ಗಾಡಿ ಬರಲಿಲ್ಲವೋ, ಕಂಡದ್ದನ್ನು ಗ್ರಾಮಸಭೆಯಲ್ಲಿ, ಹೆಸರು ಮುಚ್ಚಿಟ್ಟಾದರೂ ಸರಿ, ಓದಿ ಹೇಳಲಿ. ಯಾರೋ ಬಡ ನರ್ಸಮ್ಮನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಬೇಡ. ಮುಂದಿನ ಬಸುರಿ ಉಳಿಯಬೇಕು, ಅಷ್ಟೇ.

ದೂರದಿಂದ ಬಂದ ಪ್ರೊಫೆಸರಮ್ಮ ಕೇಳಿದ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಶಾಸಕರು, ಅಧಿಕಾರಿಗಳು ಒಮ್ಮೆಯಾದರೂ ಗಟ್ಟಿಯಾಗಿ ಕೇಳುವರೇ?