"ಅಷ್ಟು ಓದಿ ಬರೀ ಇಂಜೆಕ್ಷನ್ ಕೊಡೋಕಾ?"

ಕಳೆದ ಗೌರಿ ಹಬ್ಬದಲ್ಲಿ ಹುಣಸೂರು ಕಡೆಯ ಒಂದು ಊರಿನ ಜಗಲಿಯಲ್ಲಿ ಕೇಳಿದ ಮಾತಿದು. ಆ ಮನೆಯ ಹುಡುಗಿ ಎಂಬಿಬಿಎಸ್ ಮುಗಿಸಿ ನೀಟ್ ಪಿಜಿ ಪರೀಕ್ಷೆಗೆ ಓದುತ್ತಿದ್ದಾಳೆ. ಹೊಗೆಸೊಪ್ಪು ಬೆಳೆದು, ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಮಗಳನ್ನು ಓದಿಸಿದ ಮನೆ ಅದು.

"ಮುಂದಕ್ಕೆ ಏನವ್ವ? ಹಾರ್ಟಾ, ಮೂಳೆನಾ?" ಅಂತ ಸೋದರಮಾವ ಕೇಳಿದರು.

"ಅನಸ್ತೇಷಿಯಾ ತಗೊಳ್ಳಣ ಅಂತಿದ್ದೀನಿ ಮಾವ."

"ಹಂಗಂದ್ರೆ?"

"ಆಪರೇಷನ್ ಮಾಡುವಾಗ ನೋವು ಗೊತ್ತಾಗದ ಹಾಗೆ ಮಾಡ್ತಾರಲ್ಲ, ಅದು."

"ಅಷ್ಟು ಓದಿ ಬರೀ ಇಂಜೆಕ್ಷನ್ ಕೊಡೋಕಾ?"

ಅವರಮ್ಮ ಒಳಗಿನಿಂದಲೇ ದನಿಗೂಡಿಸಿದರು. "ನಾನೂ ಅದೇ ಹೇಳ್ತಿದ್ದೀನಿ ಕಣಣ್ಣ. ಸ್ವಂತ ಕ್ಲಿನಿಕ್ ಹಾಕಕ್ಕೂ ಆಗಲ್ವಂತೆ."

ಹುಡುಗಿ ಏನೂ ಹೇಳದೆ ಎದ್ದು ಹೋದಳು. ನಾನೂ ಸುಮ್ಮನಿದ್ದೆ. ಅವತ್ತು ಹೇಳಬೇಕಿದ್ದ ಮಾತನ್ನು ಇವತ್ತು ಬರೆಯುತ್ತಿದ್ದೇನೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಇವತ್ತು ಯಾವ ಡಾಕ್ಟರು ಹೆಚ್ಚು ಬೇಕು ಎಂದು ಯಾರಾದರೂ ಕೇಳಿದರೆ, ನಾನು ಹೃದಯದ ಡಾಕ್ಟರು ಎನ್ನುವುದಿಲ್ಲ. ಅರಿವಳಿಕೆ ಡಾಕ್ಟರು ಎನ್ನುತ್ತೇನೆ. ಅಂದರೆ ಆ ಹುಡುಗಿ ಆಗಬೇಕು ಎಂದುಕೊಂಡ ಡಾಕ್ಟರು.

ಯಾಕೆ ಎಂದು ಹೇಳುತ್ತೇನೆ.

ರಾತ್ರಿ ಎರಡು ಗಂಟೆಗೆ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಎದ್ದಿದೆ, ಮಗು ಅಡ್ಡಲಾಗಿದೆ ಎಂದುಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು ಇದ್ದಾರೆ. ಆಪರೇಷನ್ ಥಿಯೇಟರ್ ಇದೆ, ದೀಪ ಇದೆ, ನರ್ಸ್ ಇದ್ದಾರೆ. ಆದರೆ ಅರಿವಳಿಕೆ ಡಾಕ್ಟರು ಇಲ್ಲ. ಆಗ ಅಲ್ಲಿರುವ ಇಷ್ಟೂ ಇದ್ದು ಇಲ್ಲದ ಹಾಗೆ. ಹೊಟ್ಟೆ ಕೊಯ್ಯುವುದಕ್ಕೆ ಆಗುವುದಿಲ್ಲ. ಚೀಟಿಯಲ್ಲಿ "ಹೆಚ್ಚಿನ ಚಿಕಿತ್ಸೆಗಾಗಿ ಮೈಸೂರಿಗೆ" ಎಂದು ಬರೆಯುತ್ತಾರೆ. 108ಕ್ಕೆ ಫೋನ್ ಹೋಗುತ್ತದೆ.

ಕೆ.ಆರ್. ನಗರದಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರ್, ಹುಣಸೂರಿನಿಂದ 45, ಕೋಟೆಯಿಂದ 50, ಪಿರಿಯಾಪಟ್ಟಣದಿಂದ 70. ಇದು ತಾಲ್ಲೂಕು ಕೇಂದ್ರದಿಂದ ಆಚೆಗಿನ ಲೆಕ್ಕ ಮಾತ್ರ. ಡಿ.ಬಿ. ಕುಪ್ಪೆ ಕಡೆಯ ಹಾಡಿಯವರಿಗೆ ಕೋಟೆಗೆ ಬರುವುದೇ ಒಂದು ದೊಡ್ಡ ಪ್ರಯಾಣ. ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗಲು ಶುರುವಾದರೆ, ತಾಯಿಯನ್ನು ಉಳಿಸಿಕೊಳ್ಳಲು ಸಿಗುವುದು ಎರಡು ಗಂಟೆಯ ಆಸುಪಾಸು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿ.

ಸಿಸೇರಿಯನ್ ಮಾಡುವಾಗ ಬಹುಪಾಲು ಬೆನ್ನಿಗೆ ಒಂದು ಸೂಜಿ ಕೊಡುತ್ತಾರೆ. ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತದೆ, ತಾಯಿ ಎಚ್ಚರವಾಗಿರುತ್ತಾಳೆ, ಮಗು ಅತ್ತಿದ್ದು ಅವಳ ಕಿವಿಗೇ ಬೀಳುತ್ತದೆ. ಆ ಸೂಜಿ ಕೊಟ್ಟ ಮೇಲೆ ಬಿ.ಪಿ. ತಟ್ಟನೆ ಇಳಿಯಬಹುದು, ಉಸಿರು ಕಷ್ಟವಾಗಬಹುದು. ಹೆರಿಗೆ ಡಾಕ್ಟರ ಕಣ್ಣು ಹೊಟ್ಟೆಯ ಮೇಲೆ ಇದ್ದರೆ, ತಲೆಯ ಹತ್ತಿರ ನಿಂತ ಈ ಡಾಕ್ಟರ ಕಣ್ಣು ಜೀವದ ಮೇಲೆ ಇರುತ್ತದೆ. ಇಂಜೆಕ್ಷನ್ ಕೊಡುವುದು ಕೆಲವು ನಿಮಿಷದ ಕೆಲಸ. ಉಸಿರು ಕಾಯುವುದು ಪೂರ್ತಿ ಹೊತ್ತಿನ ಕೆಲಸ.

ನಾವು ಅವರನ್ನು ನೆನೆಯುವುದು ಯಾವಾಗ? ಬೆನ್ನುನೋವು ಬಂದಾಗ. "ಆವತ್ತು ಬೆನ್ನಿಗೆ ಸೂಜಿ ಹಾಕಿದ್ರಲ್ಲ, ಅವತ್ತಿಂದ ಸೊಂಟ ಹೋಯ್ತು" ಎನ್ನದ ತಾಯಿ ನಮ್ಮೂರುಗಳಲ್ಲಿ ಅಪರೂಪ. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಆ ಸೂಜಿ ಕಾರಣವಲ್ಲ ಎಂದು ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಕೊಡ ಹೊತ್ತಿದ್ದು, ಹೊಲದಲ್ಲಿ ಬಗ್ಗಿದ್ದು, ಬಾಣಂತನ ಮುಗಿಯುವ ಮೊದಲೇ ಕೆಲಸಕ್ಕೆ ಇಳಿದದ್ದು ನಮಗೆ ಲೆಕ್ಕಕ್ಕೆ ಬರುವುದಿಲ್ಲ. ಜೀವ ಉಳಿಸಿದ ಡಾಕ್ಟರಿಗೆ ಸಿಕ್ಕಿದ್ದು ಆ ದೂರು ಒಂದೇ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯ ಈಥರ್ ಆವಿ ಕುಡಿಸಿ, ನೋವಿಲ್ಲದ ಶಸ್ತ್ರಚಿಕಿತ್ಸೆ ಎಲ್ಲರೆದುರು ಸಾಧ್ಯ ಮಾಡಿ ತೋರಿಸಿದ. ಅದಕ್ಕೆ ಮೊದಲು ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿದುಕೊಂಡು ಕೊಯ್ಯುತ್ತಿದ್ದರು. ಈಗ ಅಕ್ಟೋಬರ್ 16 ವಿಶ್ವ ಅರಿವಳಿಕೆ ದಿನ. ನಮ್ಮಲ್ಲಿ ಆ ದಿನ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಹೆರಿಗೆ ಒಂದೇ ಅಲ್ಲ. ನಾಗರಹಾವು, ಕಟ್ಟುಹಾವು ಕಚ್ಚಿದರೆ ವಿಷ ಉಸಿರಾಟದ ಸ್ನಾಯುಗಳನ್ನೇ ಕಟ್ಟಿಹಾಕುತ್ತದೆ. ವಿಷ ಇಳಿಸುವ ಔಷಧಿ ಕೊಟ್ಟರೂ ಎಷ್ಟೋ ಸಲ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿನಲ್ಲಿ ಉಸಿರಾಡಿಸಬೇಕು. ಆ ಕೊಳವೆ ಹಾಕುವುದರಲ್ಲಿ ಪಳಗಿದ ಕೈ ಅರಿವಳಿಕೆ ಡಾಕ್ಟರದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಸಾರಿತು. ಒಳ್ಳೆಯದೇ. ಲೆಕ್ಕ ಬರೆಯುವವರು ಸಿಕ್ಕರು. ಉಸಿರು ಕೊಡುವವರು?

ಇನ್ನು ನಮ್ಮ ಮಕ್ಕಳು ಈ ದಾರಿ ಯಾಕೆ ಹಿಡಿಯುವುದಿಲ್ಲ ಎನ್ನುವುದಕ್ಕೆ ಬರೋಣ.

ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ನೀಟ್ ಪಿಜಿ. ಅದರಲ್ಲಿ ಬಂದ ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸಬೇಕು. ಮುಂದಿನ ರ‍್ಯಾಂಕಿನವರು ಸ್ಕ್ಯಾನಿಂಗ್ ಅಂದರೆ ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಕಡೆ ಮೊದಲು ಕೈ ಹಾಕುತ್ತಾರೆ. ಕೆಳಗೆ ಅನಾಟಮಿ, ಬಯೋಕೆಮಿಸ್ಟ್ರಿಯಂಥ ಸೀಟುಗಳು ಕೇಳುವವರಿಲ್ಲದೆ ಉಳಿಯುತ್ತವೆ. 2023ರಲ್ಲಂತೂ ಖಾಲಿ ಸೀಟು ತುಂಬಲು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು. ಅರಿವಳಿಕೆ ಇವೆರಡರ ನಡುವೆ ಎಲ್ಲೋ ಇದೆ. ಇಷ್ಟಪಟ್ಟು ತೆಗೆದುಕೊಳ್ಳುವವರೂ ಇದ್ದಾರೆ, ಬೇರೆ ಸಿಗಲಿಲ್ಲ ಎಂದು ತೆಗೆದುಕೊಳ್ಳುವವರೂ ಇದ್ದಾರೆ.

ಆರಿಸುವವರನ್ನು ಬೈದು ಪ್ರಯೋಜನವಿಲ್ಲ. ಪಿಜಿ ಮುಗಿಯುವ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ. ಮನೆಯಲ್ಲಿ ಸಾಲ, ಮದುವೆಯ ಮಾತು. ರೇಡಿಯಾಲಜಿ ಓದಿದರೆ ಸ್ವಂತ ಸ್ಕ್ಯಾನಿಂಗ್ ಸೆಂಟರ್ ಹಾಕಬಹುದು, ರಾತ್ರಿ ಎದ್ದು ಓಡುವುದು ಕಡಿಮೆ, ರೋಗಿ ತೀರಿಕೊಂಡರೆ ಜನ ಬಂದು ಕಾಲರ್ ಹಿಡಿಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿ ಮೇಲಿದ್ದ ಕಿರಿಯ ವೈದ್ಯೆಗೆ ಏನಾಯಿತು ಎಂದು ದೇಶ ನೋಡಿದೆ. ಅದಾದ ಮೇಲೆ ರಾತ್ರಿ ಡ್ಯೂಟಿ ಇರುವ ವಿಭಾಗ ಬೇಡ ಎಂದು ಹೆಣ್ಣುಮಕ್ಕಳ ಅಪ್ಪ ಅಮ್ಮ ಹೆದರಿದರೆ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅರಿವಳಿಕೆ ಓದಿದವರಿಗೂ ನಗರದಲ್ಲಿ ಕೆಲಸ ಕಡಿಮೆ ಇಲ್ಲ. ಬೆಳಗ್ಗೆ ಒಂದು ನರ್ಸಿಂಗ್ ಹೋಮ್, ಮಧ್ಯಾಹ್ನ ಇನ್ನೊಂದು, ಕೇಸಿಗೆ ಇಷ್ಟು ಎಂದು ಹಣ. ತಾಲ್ಲೂಕು ಆಸ್ಪತ್ರೆಗೆ ಬಂದರೆ? ಇರುವವರು ಒಬ್ಬರೇ ಆದರೆ 24 ಗಂಟೆಯೂ ಅವರದೇ. ಒಬ್ಬರು ಎಷ್ಟು ರಾತ್ರಿ ಎದ್ದಿರಲು ಸಾಧ್ಯ? ಹಬ್ಬಕ್ಕೆ ಊರಿಗೆ ಹೋದ ದಿನವೇ ಕೇಸು ಬಂದರೆ "ಡಾಕ್ಟ್ರು ನಾಪತ್ತೆ" ಎಂದು ಸುದ್ದಿ. ಅಂಥ ಸುದ್ದಿಯನ್ನು ನಾನೂ ಬರೆದಿದ್ದೇನೆ. ಆ ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಇರಬೇಕಿತ್ತು ಎಂದು ಕೇಳದೆ ಬರೆದಿದ್ದೇನೆ. ಅದು ನನ್ನ ತಪ್ಪು.

ಇದು ನಮ್ಮ ಜಿಲ್ಲೆಯೊಂದರ ಗೋಳಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2021–22ರ ಗ್ರಾಮೀಣ ಆರೋಗ್ಯ ವರದಿಯ ಪ್ರಕಾರ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರಲ್ಲಿ ಶೇ 79.5ರಷ್ಟು ಕೊರತೆ ಇತ್ತು. ಸರ್ಜನ್, ಹೆರಿಗೆ ತಜ್ಞರು, ಫಿಸಿಷಿಯನ್, ಮಕ್ಕಳ ತಜ್ಞರು ಈ ನಾಲ್ವರನ್ನು ಸೇರಿಸಿದ ಲೆಕ್ಕ ಅದು. ಗಮನಿಸಿ, ಆ ನಾಲ್ವರಲ್ಲಿ ಅರಿವಳಿಕೆಯವರ ಹೆಸರೇ ಇಲ್ಲ.

ಕಾನೂನು ಇಲ್ಲವೇ ಎಂದರೆ ಇದೆ. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕು ಎಂದು ಕರ್ನಾಟಕ 2012ರಲ್ಲೇ ಕಾಯ್ದೆ ತಂದಿತು, 2015ರಲ್ಲಿ ಜಾರಿಗೆ ಬಂತು. 2023ರ ತಿದ್ದುಪಡಿಯ ನಂತರ ಅಗತ್ಯ ಇರುವಷ್ಟು ಜನರಿಗೆ ಮಾತ್ರ ಎಂದಾಯಿತು. ಕಡ್ಡಾಯದಿಂದ ಡಾಕ್ಟರು ಬರಬಹುದು. ಆದರೆ ಒಂದು ವರ್ಷಕ್ಕೆ ಬಂದವರು ನೆಂಟರ ಹಾಗೆ. ಊರಿನ ದಾರಿ ಗೊತ್ತಾಗುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ.

ಹಾಗಾದರೆ ನಿಲ್ಲುವವರು ಹೇಗೆ ನಿಲ್ಲುತ್ತಾರೆ? ಉತ್ತರ ನಮ್ಮ ಕಾಲಬುಡದಲ್ಲೇ ಇದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕೆಲವರು, ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಆಮೇಲೆ ಕೋಟೆ ತಾಲ್ಲೂಕಿನ ಕಾಡಂಚಿಗೆ ಬಂದರು. ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳಾದವು. ಅವರ ಸೇವಾ ಮನಸ್ಸಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಕಾಣುವುದು ಇನ್ನೊಂದು: ಅವರು ಒಬ್ಬೊಬ್ಬರೇ ಬರಲಿಲ್ಲ, ಗುಂಪಾಗಿ ಬಂದರು. ಒಬ್ಬರಿಗೊಬ್ಬರು ಹೆಗಲು ಕೊಡುವವರಿದ್ದಾಗ ಕಾಡಂಚೂ ಊರಾಗುತ್ತದೆ.

ಮಂಡ್ಯದ ಡಾ. ಶಂಕರೇಗೌಡರನ್ನೂ ನೆನೆಯಬೇಕು. ಐದು ರೂಪಾಯಿ ಡಾಕ್ಟರು ಎಂದರೆ ಕೆ.ಆರ್. ನಗರದವರಿಗೂ ಗೊತ್ತು. ಅವರು ಓದಿದ್ದು ಚರ್ಮರೋಗ. ದುಡ್ಡಿನ ವಿಭಾಗ ಎಂದು ಜನ ಹೇಳುವ ಅದೇ ವಿಭಾಗ. ಅದನ್ನೇ ಓದಿ ಹಳ್ಳಿಯವರ ಕಜ್ಜಿ, ತುರಿಕೆ ನೋಡಿದರು. ಹಾಗಾಗಿ ಯಾವ ವಿಭಾಗವೂ ಮೇಲಲ್ಲ, ಕೀಳಲ್ಲ. ಎಲ್ಲಿ ಕೂತು ಯಾರನ್ನು ನೋಡುತ್ತೀರಿ ಎನ್ನುವುದು ಮುಖ್ಯ.

ಆದರೆ ಎಲ್ಲರೂ ಶಂಕರೇಗೌಡರಾಗಲಿ ಎಂದು ಕಾಯುತ್ತಾ ಕೂತರೆ ಆಗದು. ನಮ್ಮ ಶಾಸಕರ ಮುಂದೆ ಇಡಬೇಕಾದ ಬೇಡಿಕೆ ಮೂರು.

ಒಂದು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕನಿಷ್ಠ ಇಬ್ಬರು ಅರಿವಳಿಕೆ ಡಾಕ್ಟರು, ಅವರಿಗೆ ಆಸ್ಪತ್ರೆ ಪಕ್ಕದಲ್ಲೇ ವಾಸಕ್ಕೆ ಯೋಗ್ಯವಾದ ಮನೆ. ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿರಬೇಕು. ಹೊಸ ಕಟ್ಟಡದ ಗುದ್ದಲಿ ಪೂಜೆ ಆಮೇಲೆ ಮಾಡೋಣ.

ಎರಡು, ಕಲಿಕೆ ನಮ್ಮ ಆಸ್ಪತ್ರೆಗೂ ಬರಲಿ. ಪಿಜಿ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು ಎಂಬ ನಿಯಮ 2020ರಲ್ಲಿ ಬಂತು. 2023ರ ನಿಯಮದ ಪ್ರಕಾರ 50 ಹಾಸಿಗೆಯ ಆಸ್ಪತ್ರೆಯಾದರೂ ಸಾಕು. ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಹಾಗಿದ್ದ ಮೇಲೆ ಆ ಮಕ್ಕಳನ್ನು ಹುಣಸೂರಿಗೆ, ಕೋಟೆಗೆ ಕಳಿಸಿ ಎಂದು ಯಾಕೆ ಕೇಳಬಾರದು? ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಕೋರ್ಸ್‌ಗಳೂ ಈಗ ಇವೆ. ಕಲಿತ ಜಾಗದ ಮೇಲೆ ಮನಸ್ಸು ನಿಲ್ಲುತ್ತದೆ.

ಮೂರು, ಸರ್ಕಾರಿ ಸೇವೆಯಲ್ಲಿರುವ ಎಂಬಿಬಿಎಸ್ ಡಾಕ್ಟರುಗಳಿಗೆ ತುರ್ತು ಹೆರಿಗೆಗೆ ಬೇಕಾದಷ್ಟು ಅರಿವಳಿಕೆ ಕಲಿಸುವ ಕೆಲವು ತಿಂಗಳ ತರಬೇತಿ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇದೆ. ನಮ್ಮ ತಾಲ್ಲೂಕುಗಳಿಂದ ಯಾರನ್ನು ಕಳಿಸಿದ್ದೀರಿ, ಕಲಿತು ಬಂದವರು ಈಗ ಯಾವ ಕೆಲಸದಲ್ಲಿದ್ದಾರೆ ಎಂದು ಲೆಕ್ಕ ಕೇಳೋಣ.

ಇನ್ನು ನಮ್ಮ ಪಾಲಿನದು. ವೈದ್ಯರ ಮೇಲೆ ಕೈ ಮಾಡಿದರೆ ಜೈಲು ಎಂದು 2009ರಿಂದ ಕಾಯ್ದೆ ಇದೆ. ಕಾಯ್ದೆಗೆ ಹೆದರಿ ಬೇಡ, ಬುದ್ಧಿಯಿಂದ ನಿಲ್ಲಿಸೋಣ. ಒಂದು ಹೊಡೆತದ ವಿಡಿಯೊ ಎಲ್ಲ ಮೆಡಿಕಲ್ ಕಾಲೇಜಿನ ಹಾಸ್ಟೆಲ್‌ನಲ್ಲೂ ಓಡಾಡುತ್ತದೆ. ಅದನ್ನು ನೋಡಿದ ಮಕ್ಕಳು ನಮ್ಮ ತಾಲ್ಲೂಕಿನ ಹೆಸರನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ.

ಆ ಜಗಲಿಯಲ್ಲಿ ನಾನು ಹೇಳಬೇಕಿದ್ದ ಮಾತು ಇಷ್ಟೇ: "ಮಾವ, ನಿಮ್ಮ ಸೊಸೆಗೆ ಹೆರಿಗೆ ನೋವು ಬಂದ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಒಬ್ಬ ಹುಡುಗಿ ಇದ್ದರೆ, ನೀವು ಮೈಸೂರಿನ ರಸ್ತೆ ನೋಡಬೇಕಿಲ್ಲ. ಓದಲಿ ಬಿಡಿ."

ನಿಮ್ಮ ಮನೆಯಲ್ಲೂ ಮೆಡಿಕಲ್ ಓದುವ ಮಗು ಇದ್ದರೆ, ಮುಂದಿನ ಸಲ "ಹಾರ್ಟಾ, ಮೂಳೆನಾ" ಎಂದು ಕೇಳುವ ಮೊದಲು, ನಮ್ಮ ತಾಲ್ಲೂಕಿಗೆ ಯಾರು ಬೇಕು ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಆ ಮಗುವಿಗೆ ಗೊತ್ತಿರುತ್ತದೆ.