ಅರ್ಧರಾತ್ರಿಯ ವಿಮಾನ

ಅಗ್ಗದ ಸರಕನ್ನು ಎರಡು ಸಲ ನೋಡಿ ಕೊಳ್ಳಬೇಕೆಂದು ನಾವು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದವರು. ವಿಮಾನದ ಟಿಕೀಟನ್ನು ಕೊಳ್ಳುವಾಗ ಮಾತ್ರ ನಾವೇ ಅದನ್ನು ಮರೆತೆವು. ಅದರ ಫಲವನ್ನು ವಾಚಕರ ಮುಂದಿಡುವುದಕ್ಕೆ ನಮಗೆ ಸಂಕೋಚವಿಲ್ಲ, ಒಬ್ಬರಿಗಾದರೂ ಉಪಕಾರವಾದೀತು.

ಮುಂಬಯಿಯಲ್ಲಿರುವ ನಮ್ಮ ಅಕ್ಕನವರಿಗೆ ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಶಸ್ತ್ರಚಿಕಿತ್ಸೆಯೆಂದು ಗೊತ್ತಾಗಿತ್ತು. ಅವರನ್ನು ಒಳಗೆ ಕರೆದೊಯ್ಯುವುದಕ್ಕೆ ಮೊದಲೇ ಪಕ್ಕದಲ್ಲಿರುವೆವೆಂದು ಮಾತು ಕೊಟ್ಟೆವು. ಮೊಬೈಲಿನಲ್ಲಿ ಹುಡುಕಲಾಗಿ, ಬೆಂಗಳೂರಿನಿಂದ ಗುರುವಾರ 00:40ಕ್ಕೆ ಹೊರಡುವ ವಿಮಾನವು ಎಲ್ಲಕ್ಕಿಂತ ಅಗ್ಗವಾಗಿ ಕಂಡಿತು. "ಹಗಲಿನದು ಸಿಕ್ಕದೆ?" ಎಂದು ನಮ್ಮ ಮನೆಯವರು ಕೇಳಿದರು. ತಲೆಗೆ ಎಂಟುನೂರು ರೂಪಾಯಿ ಉಳಿಯುವುದೆಂದು ಹೇಳಿ ಅವರ ಮಾತನ್ನು ತಳ್ಳಿಹಾಕಿದೆವು.

ಗುರುವಾರ ರಾತ್ರಿ ಹತ್ತು ಗಂಟೆಗೆ ದೇವನಹಳ್ಳಿಯ ನಿಲ್ದಾಣವನ್ನು ಸೇರಿದೆವು. ಬಾಗಿಲಿನ ಕಾವಲಿನವನು ಟಿಕೀಟನ್ನು ನೋಡಿ ನಮ್ಮನ್ನು ತಡೆದನು. ಬುಧವಾರ ಮುಗಿದು ನಲವತ್ತು ನಿಮಿಷಕ್ಕೆ, ಅಂದರೆ ಹಿಂದಿನ ರಾತ್ರಿಯೇ, ನಮ್ಮ ವಿಮಾನವು ಹೊರಟುಹೋಗಿತ್ತು!

ನಮ್ಮ ಪಂಚಾಂಗದ ವಾರವು ಸೂರ್ಯೋದಯಕ್ಕೆ ಆರಂಭವಾಗುತ್ತದೆ. ವಿಮಾನದವರ ದಿನವು ಅರ್ಧರಾತ್ರಿಗೆ. ಆರ್ಯಭಟನು ಈ ಎರಡು ಕ್ರಮಗಳನ್ನೂ ಹೇಳಿದ್ದನೆಂದು ವರಾಹಮಿಹಿರನು ತಿಳಿಸುತ್ತಾನೆ. ಇದನ್ನು ಪಾಠ ಹೇಳಿದ ನಾವೇ ತಪ್ಪಿದೆವು. ಮುಂಜಾನೆಯ ಮೊದಲ ವಿಮಾನಕ್ಕೆ ಮೂರರಷ್ಟು ಹಣ ತೆತ್ತು ಮುಂಬಯಿಗೆ ಹೋಗುವಷ್ಟರಲ್ಲಿ ಅಕ್ಕನವರನ್ನು ಒಳಗೆ ಕರೆದೊಯ್ದಿದ್ದರು.

ಆದುದರಿಂದ ನಮ್ಮ ಸೂಚನೆಗಳಿವು. ಎರಡು ಸೊನ್ನೆಗಳಿಂದ ಮೊದಲಾಗುವ ವೇಳೆಯನ್ನು ಕಂಡರೆ, ಟಿಕೀಟಿನ ತಾರೀಖಿನ ಹಿಂದಿನ ಸಂಜೆಯೇ ಮನೆ ಬಿಡತಕ್ಕದ್ದು. ಮೊದಲ ಪುಟದ ಬೆಲೆಯನ್ನು ನಂಬದೆ, ಆಸನ, ಊಟ, ವಿಮೆ, ಸೇವಾಶುಲ್ಕಗಳು ಸೇರಿದ ಕಡೆಯ ಪುಟದ ಮೊತ್ತವನ್ನು ನೋಡಬೇಕು. ಬೇಡದ ವಿಮೆಗೆ ಗುರುತು ಬಿದ್ದಿದ್ದರೆ ತೆಗೆಯಬೇಕು. ಸಾಮಾನ್ಯವಾಗಿ ಒಪ್ಪಿಸುವ ಪೆಟ್ಟಿಗೆಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ ಮಿತಿ. ಉಪ್ಪಿನಕಾಯಿ ಭರಣಿಯನ್ನು ಮನೆಯಲ್ಲಿಯೇ ತೂಗುವುದು ಲೇಸು. ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಒಂದೊಂದು ಅಕ್ಷರಕ್ಕಿಳಿಸುವ ನಮ್ಮವರು ಇದರಲ್ಲಿ ಎಡವುವುದುಂಟು. ವಿಮಾನ ತಪ್ಪಿದರೂ ಸರಕಾರದ ತೆರಿಗೆಯನ್ನೂ ನಿಲ್ದಾಣದ ಬಳಕೆ ಶುಲ್ಕವನ್ನೂ ಹಿಂದಿರುಗಿಸಬೇಕೆಂಬ ನಿಯಮವುಂಟು. ಅದನ್ನು ಕೇಳಿ ಪಡೆಯಬೇಕು.

ದೈವಕೃಪೆಯಿಂದ ಅಕ್ಕನವರು ಚೇತರಿಸಿಕೊಂಡರು. ಮರುದಿನ ಕಣ್ಣು ತೆರೆದು, "ಬರುತ್ತೇನೆಂದಿದ್ದೆಯಲ್ಲೋ, ಬಾಗಿಲನ್ನೇ ನೋಡುತ್ತಿದ್ದೆ" ಎಂದರು. ಎಂಟುನೂರು ರೂಪಾಯಿಯ ವಿಷಯವನ್ನು ಅವರಿಗೆ ನಾವು ಇಂದಿಗೂ ಹೇಳಿಲ್ಲ.